ದ್ವಾರಕೀಶ್: ತೆರೆ ಮೇಲಿನ ಕುಳ್ಳನೋ, ತೆರೆ ಹಿಂದಿನ ಧಣಿಯೋ?

ಹಳೇ ರೀಲು:

2024ರ ಏಪ್ರಿಲ್ 16ರಂದು ದ್ವಾರಕೀಶ್ ತೀರಿಕೊಂಡಾಗ ಎಲ್ಲಿ ನೋಡಿದರೂ 'ಪ್ರಚಂಡ ಕುಳ್ಳ' ಅನ್ನೋ ಹೆಸರೇ. ಹಳೇ ಕಾಮಿಡಿ ತುಣುಕು, ವಿಷ್ಣುವರ್ಧನ್ ಜೊತೆಗಿನ ಹಾಡು, ಅಷ್ಟೇ. 'ಚಿತ್ರ ನಿರ್ಮಾಣವನ್ನೂ ಮಾಡಿದ್ದರು' ಅನ್ನೋದು ಕೊನೆಗೆಲ್ಲೋ ಒಂದು ಸಾಲು. ನನಗೆ ಈ ಲೆಕ್ಕವೇ ತಲೆಕೆಳಗಾಗಿದೆ ಅನಿಸುತ್ತದೆ.

ನನ್ನ ವಾದ ಹೇಳುತ್ತೇನೆ. ದ್ವಾರಕೀಶ್ ಬರೋ ಹೊತ್ತಿಗೆ ಕನ್ನಡದಲ್ಲಿ ನಗಿಸೋರ ಜಾಗ ಖಾಲಿ ಇರಲಿಲ್ಲ. ನರಸಿಂಹರಾಜು ಇದ್ದರು, ಬಾಲಕೃಷ್ಣ ಇದ್ದರು. ಇಬ್ಬರೂ ನಾಟಕ ಕಂಪನಿಗಳಲ್ಲಿ ಪಳಗಿದವರು. ಹಾಸ್ಯನಟನಿಗೆ ಸಿಗುತ್ತಿದ್ದದ್ದು ನಾಯಕನ ಗೆಳೆಯನ ಪಾತ್ರ, ಅಲ್ಲಲ್ಲಿ ನಾಲ್ಕು ದೃಶ್ಯ, ಅದೃಷ್ಟ ಇದ್ದರೆ ಒಂದು ಜೋಡಿ ಹಾಡು. ಮೂರನೆಯವನಾಗಿ ಬಂದವನಿಗೆ ಅದರಲ್ಲಿ ಉಳಿದದ್ದು ಎಷ್ಟಿರಬಹುದು? ಇಂಥವನನ್ನು ನಾಯಕ ಮಾಡಿ ದುಡ್ಡು ಸುರಿಯೋ ನಿರ್ಮಾಪಕ ಯಾರೂ ಇರಲಿಲ್ಲ. ಹಾಗಾಗಿ ಅವರೇ ಆ ನಿರ್ಮಾಪಕರಾದರು. 1969ರಲ್ಲಿ 'ಮೇಯರ್ ಮುತ್ತಣ್ಣ', 1972ರಲ್ಲಿ 'ಕುಳ್ಳ ಏಜೆಂಟ್ 000'. ಮೊದಲನೆಯದರಲ್ಲಿ ರಾಜ್‌ಕುಮಾರ್ ನಾಯಕ. ಎರಡನೆಯದರಲ್ಲಿ ತಾವೇ. ನಿರ್ಮಾಪಕ ಅನ್ನೋ ಕುರ್ಚಿ ಇಲ್ಲದಿದ್ದರೆ ಈ ಹಾಸ್ಯನಟ ನಾಲ್ಕು ದೃಶ್ಯದಲ್ಲೇ ಉಳಿಯುತ್ತಿದ್ದರು.

ಒಪ್ಪದವರು ಬನ್ನಿ, ಜಗಳ ಆಡೋಣ.

ಬಾಲ್ಕನಿ ಸೀಟು:

ನಗಿಸಿದ್ದು ಜನಕ್ಕೆ ನೆನಪಿರುತ್ತೆ ಸಾರ್. ಚೆಕ್ ಬರೆದದ್ದು ಯಾರಿಗೆ ನೆನಪಿರುತ್ತೆ? ಟೀವಿಯವರದ್ದು ತಪ್ಪೇನಿಲ್ಲ.

ಲಕ್ಷ್ಮಣತೀರ್ಥ:

ನಮ್ಮ ಹುಣಸೂರಿನವರು, ಹಾಗಾಗಿ ನಾನು ಮಧ್ಯೆ ಬಾಯಿ ಹಾಕಲೇಬೇಕು. ಹುಟ್ಟಿದ್ದು 1942ರ ಆಗಸ್ಟ್ 19. ಹೆಸರು ದ್ವಾರಕಾನಾಥ್. ತಂದೆ ಶಾಮರಾಯರು, ತಾಯಿ ಜಯಮ್ಮ. ಓದಿದ್ದು ಮೈಸೂರಿನಲ್ಲಿ. ಸಿಪಿಸಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಅಣ್ಣನ ಜೊತೆ ವಾಹನಗಳ ಬಿಡಿಭಾಗದ ಅಂಗಡಿ ಶುರು ಮಾಡಿದರು. ಭಾರತ್ ಆಟೋ ಸ್ಪೇರ್ಸ್ ಅಂತ ಅದರ ಹೆಸರು.

ಅಂದರೆ ನಟನಾಗೋ ಮೊದಲೇ ಅವರು ವ್ಯಾಪಾರಿ. ಇದನ್ನು ಯಾರೂ ಹೇಳೋದಿಲ್ಲ. ಸಾಮಾನು ತರಿಸೋದು, ಸಾಲ ಕೊಡೋದು, ವಸೂಲಿ ಮಾಡೋದು, ಗಿರಾಕಿ ಜೊತೆ ನಗುನಗುತ್ತಾ ಮಾತಾಡೋದು, ಎಲ್ಲಾ ಕಲಿತಿದ್ದು ಗಲ್ಲಾಪೆಟ್ಟಿಗೆ ಹಿಂದೆ ಕೂತು.

ಸಿನಿಮಾ ಕಡೆ ಎಳೆದದ್ದು ಸೋದರಮಾವ ಹುಣಸೂರು ಕೃಷ್ಣಮೂರ್ತಿ. ದೊಡ್ಡ ನಿರ್ದೇಶಕರು. 1964ರ 'ವೀರ ಸಂಕಲ್ಪ'ದಲ್ಲಿ ಪಾತ್ರ ಕೊಟ್ಟರು. ದ್ವಾರಕಾನಾಥ್ ಹೋಗಿ ದ್ವಾರಕೀಶ್ ಆದದ್ದು ಸಿ.ವಿ. ಶಿವಶಂಕರ್ ಅವರಿಂದ. ಆಮೇಲೆ ಎರಡೇ ವರ್ಷಕ್ಕೆ, 1966ರಲ್ಲಿ, ತುಂಗಾ ಪಿಕ್ಚರ್ಸ್ ಹೆಸರಲ್ಲಿ ಇನ್ನಿಬ್ಬರ ಜೊತೆ ಸೇರಿ 'ಮಮತೆಯ ಬಂಧನ' ತೆಗೆದರು. ನಟನಾಗಿ ಇನ್ನೂ ಕಾಲೂರಿರಲಿಲ್ಲ, ಆಗಲೇ ನಿರ್ಮಾಪಕ! ಹಾಗಾಗಿ @ಹಳೇ ರೀಲು ಅವರೇ, ನಿಮ್ಮ 'ಪಾತ್ರ ಸಿಗಲಿಲ್ಲ, ಅದಕ್ಕೇ ನಿರ್ಮಾಪಕರಾದರು' ಅನ್ನೋ ಮಾತು ನನಗೆ ಪೂರ್ತಿ ಹಿಡಿಸಲಿಲ್ಲ. ವ್ಯಾಪಾರ ಅವರ ರಕ್ತದಲ್ಲೇ ಇತ್ತು. ನಟನೆ ಅದಕ್ಕೆ ಆಮೇಲೆ ಬಂದು ಸೇರಿಕೊಂಡಿತು.

ಹಳೇ ರೀಲು:

ಅಂಗಡಿಯ ವಿಷಯ ಚೆನ್ನಾಗಿದೆ. ಆದರೆ ವ್ಯಾಪಾರಿ ಬುದ್ಧಿ ಮಾತ್ರ ಇದ್ದಿದ್ದರೆ ರಾಜ್‌ಕುಮಾರ್ ಡೇಟ್ಸ್ ತಗೊಂಡು ವರ್ಷಕ್ಕೊಂದು ಸುರಕ್ಷಿತ ಸಿನಿಮಾ ತೆಗೆದು ಆರಾಮಾಗಿ ಇರುತ್ತಿದ್ದರು ಅಲ್ವಾ? ತಮ್ಮನ್ನೇ ನಾಯಕ ಮಾಡಿಕೊಂಡು ಪತ್ತೇದಾರಿ ಸಿನಿಮಾಗಳ ಅಣಕ ಯಾಕೆ ತೆಗೀಬೇಕಿತ್ತು?

ಬಿಕೆಟಿ ಬಾಕ್ಸು:

ನಮ್ಮ ಮನೆಯಲ್ಲಿ ಹಿರಿಯರು ಗಾಂಧಿನಗರದಲ್ಲಿ ಹಂಚಿಕೆ ಮಾಡುತ್ತಿದ್ದರು. ಹಾಗಾಗಿ ದುಡ್ಡಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಇಲ್ಲಿರೋ ಚಿಕ್ಕವರಿಗೆ ಆಗಿನ ವ್ಯವಹಾರ ಗೊತ್ತಿರಲಿಕ್ಕಿಲ್ಲ.

ಆಗ ಟೀವಿ ಹಕ್ಕಿಲ್ಲ, ಓಟಿಟಿ ಇಲ್ಲ. ಬರೋ ದುಡ್ಡೆಲ್ಲಾ ಥಿಯೇಟರ್‌ನಿಂದಲೇ ಬರಬೇಕು. ನಿರ್ಮಾಪಕನ ಕೈಯಲ್ಲಿ ಪೂರ್ತಿ ಬಂಡವಾಳ ಇರೋದು ಅಪರೂಪ. ಮೊದಲು ನಾಯಕನ ಡೇಟ್ಸ್ ಹಿಡೀಬೇಕು. ಅದನ್ನು ತೋರಿಸಿ ಹಂಚಿಕೆದಾರರ ಹತ್ತಿರ ಮುಂಗಡ ತಗೋಬೇಕು. ಏರಿಯಾ ಲೆಕ್ಕದಲ್ಲಿ ವ್ಯಾಪಾರ: ಬೆಂಗಳೂರು-ಕೋಲಾರ-ತುಮಕೂರು ಒಂದು, ಅದಕ್ಕೇ ಬಿಕೆಟಿ ಅನ್ನೋದು. ಮೈಸೂರು ಕಡೆ ಇನ್ನೊಂದು. ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕ ಬೇರೆ ಬೇರೆ. ಕೆಲವರು ಮಿನಿಮಮ್ ಗ್ಯಾರಂಟಿ, ಅಂದರೆ ಸೋತರೂ ವಾಪಸ್ ಕೇಳದ ಇಂತಿಷ್ಟು ದುಡ್ಡು, ಕೊಡುತ್ತಾರೆ. ಕೆಲವರು ಬರೀ ಕಮಿಷನ್ ಮೇಲೆ ಬಿಡುಗಡೆ ಮಾಡುತ್ತಾರೆ. ಆಗ ಸೋತರೆ ನಷ್ಟವೆಲ್ಲಾ ನಿರ್ಮಾಪಕನ ತಲೆಗೆ. ಇನ್ನು ಸಾಲದಕ್ಕೆ ಫೈನಾನ್ಸಿಯರ್ ಹತ್ತಿರ ಹೋದರೆ ಬಡ್ಡಿ. ಅದಕ್ಕೆ ಅಡ ಏನು? ನೆಗೆಟಿವ್. ಅದು ಮದ್ರಾಸಿನ ಲ್ಯಾಬ್‌ನಲ್ಲಿರುತ್ತೆ. ಲ್ಯಾಬ್‌ನವರು ಒಂದು ಪತ್ರ ಬರೆದುಕೊಡುತ್ತಾರೆ, ಸಾಲ ತೀರೋ ತನಕ ಪ್ರಿಂಟ್ ಆಚೆ ಬಿಡಲ್ಲ ಅಂತ. ಬಿಡುಗಡೆಯ ಹಿಂದಿನ ರಾತ್ರಿ ಪ್ರಿಂಟಿನ ಡಬ್ಬ ರೈಲು ಹತ್ತುತ್ತೋ ಇಲ್ಲವೋ ಅಂತ ನಿರ್ಮಾಪಕ ಒದ್ದಾಡುತ್ತಿದ್ದದ್ದು ಇದಕ್ಕೇ.

ಈಗ ಹೇಳಿ. ಈ ವ್ಯವಸ್ಥೆಯಲ್ಲಿ ರಾಜ್‌ಕುಮಾರ್ ಹೆಸರು ಹೇಳಿದರೆ ಮುಂಗಡ ತಾನಾಗೇ ಬರುತ್ತೆ. ಹಾಸ್ಯನಟ ನಾಯಕ ಅಂದರೆ ಹಂಚಿಕೆದಾರ ನೀರು ಕೊಟ್ಟು ಕಳಿಸುತ್ತಾನೆ. 'ಕುಳ್ಳ ಏಜೆಂಟ್ 000' ಅಂಥ ಪಣ. ಅದಕ್ಕೇ ಇರಬೇಕು, ಅದರಲ್ಲಿ ಬೇರೆ ಆಕರ್ಷಣೆಗಳನ್ನು ತುಂಬಿದರು. ರಾಜನ್-ನಾಗೇಂದ್ರ ಸಂಗೀತ, ಕಿಶೋರ್ ಕುಮಾರ್ ಕೈಲಿ ಕನ್ನಡ ಹಾಡು! ಕಿಶೋರ್ ಕನ್ನಡದಲ್ಲಿ ಹಾಡಿದ್ದು ಅಂದರೆ ಇವತ್ತಿಗೂ ಜನ ಹೇಳೋದು ಆ ಒಂದು ಹಾಡು. ನಾಯಕನ ಹೆಸರಿಗೆ ಬೆಲೆ ಇಲ್ಲದಿದ್ದಾಗ ಬೇರೆ ಯಾವ ಹೆಸರಿಗೆ ಬೆಲೆ ಇದೆ ಅಂತ ಹುಡುಕೋದು ಪಕ್ಕಾ ನಿರ್ಮಾಪಕನ ತಲೆ. ಕಿಶೋರ್ ಅವರೇ ತೆರೆ ಮೇಲೆ ನಗಿಸೋ ನಟ, ನಿರ್ಮಾಪಕ ಕೂಡ. ಒಬ್ಬ ಹುಚ್ಚನಿಗೆ ಇನ್ನೊಬ್ಬ ಹುಚ್ಚನ ಗುರುತು ಸಿಕ್ಕಿರಬೇಕು, ಹ್ಹ ಹ್ಹ.

ಬಾಲ್ಕನಿ ಸೀಟು:

ನೀರು ಕೊಟ್ಟು ಕಳಿಸುತ್ತಾನೆ 😄 ಕಾಫಿ ಕೂಡ ಇಲ್ವಾ?

ಬಿಕೆಟಿ ಬಾಕ್ಸು:

ಕಾಫಿ ನೂರು ದಿನ ಓಡಿದ ಮೇಲೆ.

ರೀಮೇಕ್ ಬೇಡಪ್ಪ:

ಎಲ್ಲರೂ ಹೊಗಳುತ್ತಿದ್ದೀರಿ, ಸ್ವಲ್ಪ ಉಪ್ಪು ಖಾರ ನಾನು ಹಾಕುತ್ತೇನೆ. ಇವರ ಗೆದ್ದ ಸಿನಿಮಾಗಳಲ್ಲಿ ಸ್ವಂತದ ಕಥೆ ಎಷ್ಟು? 'ಪ್ರೀತಿ ಮಾಡು ತಮಾಷೆ ನೋಡು' ತಮಿಳಿನದ್ದು. 'ನೀ ಬರೆದ ಕಾದಂಬರಿ' ಹಿಂದಿಯದ್ದು. 'ರಾಯರು ಬಂದರು ಮಾವನ ಮನೆಗೆ' ಮಲಯಾಳಂನದ್ದು. 'ಆಪ್ತಮಿತ್ರ' ಕೂಡ ಮಲಯಾಳಂನದ್ದು. ಪುಟ್ಟಣ್ಣ ಕಣಗಾಲ್ ಕನ್ನಡದ ಕಾದಂಬರಿಗಳನ್ನು ಹಿಡಿದು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಇವರು ಪಕ್ಕದ ಮನೆ ಅಡುಗೆ ತಂದು ಬಡಿಸುತ್ತಿದ್ದರು. ಧೈರ್ಯಶಾಲಿ ನಿರ್ಮಾಪಕ ಅಂತೀರಲ್ಲ, ಗೆದ್ದ ಕಥೆಗೆ ದುಡ್ಡು ಹಾಕೋದು ಎಂಥಾ ಧೈರ್ಯ?

ಮದ್ರಾಸ್ ಮೇಲ್:

@ರೀಮೇಕ್ ಬೇಡಪ್ಪ, ಪಟ್ಟಿ ಸರಿ ಇದೆ. ತೀರ್ಪು ಸರಿ ಇಲ್ಲ.

ಒಂದೊಂದಾಗಿ ನೋಡಿ. 'ಪ್ರೀತಿ ಮಾಡು ತಮಾಷೆ ನೋಡು' (1979) ತಮಿಳಿನ 'ಕಾದಲಿಕ್ಕ ನೇರಮಿಲ್ಲೈ'. ಮೂಲ ಬಂದದ್ದು 1964ರಲ್ಲಿ. ಹದಿನೈದು ವರ್ಷದ ಹಿಂದಿನ ಸಿನಿಮಾ! ಶ್ರೀಧರ್ ತೆಗೆದ ಆ ಚಿತ್ರದಲ್ಲಿ ನಾಗೇಶ್ ಮಾಡಿದ್ದು ಸಿನಿಮಾ ತೆಗೀತೀನಿ ಅಂತ ಅಪ್ಪನ ತಲೆ ತಿನ್ನೋ ಮಗನ ಪಾತ್ರ. ಕನ್ನಡದಲ್ಲಿ ಅದು ಯಾರಿಗೆ ಬಂತು? ನಿಜವಾಗಿಯೂ ಸಿನಿಮಾ ತೆಗೆದು ಕೈ ಸುಟ್ಟುಕೊಂಡೂ ಗೊತ್ತಿದ್ದ ದ್ವಾರಕೀಶ್‌ಗೆ. ಶಂಕರ್‌ನಾಗ್, ಶ್ರೀನಾಥ್ ಪ್ರೇಮ ಮಾಡಿಕೊಂಡಿರಲಿ, ನನಗೆ ಆ ಪೆದ್ದ ನಿರ್ಮಾಪಕನೇ ಇಷ್ಟ. ತಮ್ಮ ಕಸುಬನ್ನೇ ತಾವು ಗೇಲಿ ಮಾಡಿಕೊಳ್ಳೋ ಅವಕಾಶ ಇದೆ ಅಂತ ಆ ಕಥೆಯಲ್ಲಿ ಕಂಡುಕೊಂಡರಲ್ಲ, ಅದು ಸುಮ್ನೆ ನಕಲಲ್ಲ.

ಇನ್ನು 'ಆಪ್ತಮಿತ್ರ'. ಮೂಲವಾದ 'ಮಣಿಚಿತ್ರತಾಳ್' 1993ರದ್ದು. ಫಾಜಿಲ್ ನಿರ್ದೇಶನ. ಮಲಯಾಳಂನಲ್ಲಿ ದೊಡ್ಡ ಗೆಲುವು ಕಂಡು ಹನ್ನೊಂದು ವರ್ಷ ಆ ಕಥೆ ಎಲ್ಲರ ಕಣ್ಣಮುಂದೆ ಬಿದ್ದಿತ್ತು. ತಮಿಳಿನವರು ಮುಟ್ಟಲಿಲ್ಲ, ಹಿಂದಿಯವರು ಮುಟ್ಟಲಿಲ್ಲ. 2004ರಲ್ಲಿ ಕನ್ನಡದಲ್ಲಿ ದ್ವಾರಕೀಶ್ ತೆಗೆದರು, ಆಮೇಲೆ ನೋಡಿ: 2005ರಲ್ಲಿ 'ಆಪ್ತಮಿತ್ರ' ನಿರ್ದೇಶಿಸಿದ ಅದೇ ಪಿ. ವಾಸು ಕೈಲಿ ರಜನಿಕಾಂತ್ 'ಚಂದ್ರಮುಖಿ', 2007ರಲ್ಲಿ ಹಿಂದಿಯಲ್ಲಿ 'ಭೂಲ್ ಭುಲಯ್ಯಾ'. ಎಲ್ಲರಿಗೂ ದಾರಿ ತೋರಿಸಿದ್ದು ಕನ್ನಡದ ಒಬ್ಬ ಕುಳ್ಳ. ಇದು ಧೈರ್ಯ ಅಲ್ಲದೆ ಇನ್ನೇನು?

ರೀಮೇಕ್ ಬೇಡಪ್ಪ:

ದಾರಿ ತೋರಿಸಿದ್ದು ಫಾಜಿಲ್. ಆದರೂ ಹನ್ನೊಂದು ವರ್ಷದ ಲೆಕ್ಕ ನಾನು ಯೋಚಿಸಿರಲಿಲ್ಲ, ಇರಲಿ.

ಚೋಟುದ್ದ:

ನಾನು ಬೇರೆ ವಿಷಯ ಎತ್ತುತ್ತೇನೆ. ನಾನೂ ಕುಳ್ಳಿ. ಸ್ಕೂಲಲ್ಲಿ ನನ್ನನ್ನು ಕರೆಯುತ್ತಿದ್ದದ್ದೇ 'ದ್ವಾರಕೀಶ್' ಅಂತ. ಹುಡುಗಿಗೆ! ಹಾಗಾಗಿ ಆ ಮನುಷ್ಯನ ಮೇಲೆ ನನಗೆ ಬಹಳ ಕಾಲ ಕೋಪ ಇತ್ತು. ನಿನ್ನ ಎತ್ತರವನ್ನೇ ಮಾರಿಕೊಂಡು ನನ್ನ ಪಾಲಿಗೆ ಇದನ್ನು ತಂದಿಟ್ಟೆಯಲ್ಲಪ್ಪಾ ಅಂತ.

ಕಾಲೇಜಿಗೆ ಬಂದ ಮೇಲೆ ಅವರ ಸಿನಿಮಾಗಳನ್ನು ಸಾಲಾಗಿ ನೋಡಿದೆ. ಆಗ ಒಂದು ಗಮನಿಸಿದೆ. ಬೇರೆಯವರ ಸಿನಿಮಾಗಳಲ್ಲಿ ಅವರನ್ನು ಎತ್ತಿ ಬಿಸಾಡೋದು, ತಲೆ ಮೇಲೆ ಮೊಟಕೋದು ಜಾಸ್ತಿ. ಅವರದೇ ಬ್ಯಾನರಿನಲ್ಲಿ ಆಟವೇ ಬೇರೆ. 'ಕುಳ್ಳ ಏಜೆಂಟ್', 'ರಾಜಾ ಕುಳ್ಳ', 'ಪ್ರಚಂಡ ಕುಳ್ಳ'. ಕುಳ್ಳ ಅನ್ನೋದು ಟೈಟಲ್‌ಗೆ ಬಂತು, ದೊಡ್ಡ ಅಕ್ಷರದಲ್ಲಿ ಪೋಸ್ಟರ್ ಮೇಲೆ ಕೂತಿತು. ಬೇರೆಯವರು ಕರೆಯೋ ಮೊದಲೇ ತಾವೇ ಕರೆದುಕೊಂಡು ಅದಕ್ಕೆ ಟಿಕೆಟ್ ಇಟ್ಟರು. ಇದಕ್ಕೆ ನಗಬೇಕೋ ಬೇಜಾರಾಗಬೇಕೋ ಇವತ್ತಿಗೂ ಗೊತ್ತಾಗಲ್ಲ.

ಇನ್ನೊಂದು ಮಾತು, ಯಾರೂ ಮುನಿಸಿಕೊಳ್ಳಬೇಡಿ. ಆ ಸಿನಿಮಾಗಳಲ್ಲಿ ದಪ್ಪ ಹೆಂಗಸು, ವಯಸ್ಸಾದ ಹೆಂಗಸು ಬಂದರೆ ಅವರ ಮೇಲೆ ಆಗೋ ಜೋಕುಗಳು ಇವತ್ತು ನೋಡೋಕೆ ಆಗಲ್ಲ. ತನ್ನ ಮೈಯನ್ನು ಗೇಲಿ ಮಾಡಿದರೆ ಹೇಗಿರುತ್ತೆ ಅಂತ ಗೊತ್ತಿದ್ದ ನಿರ್ಮಾಪಕ ಇದನ್ನು ತಡೀಬಹುದಿತ್ತು. ತಡೀಲಿಲ್ಲ.

ಹಳೇ ರೀಲು:

ಟಿಕೆಟ್ ಇಟ್ಟರು ಅನ್ನೋದು ನಾನು ಮೊದಲ ಪೋಸ್ಟಿನಲ್ಲಿ ಹೇಳಬೇಕಿದ್ದ ಮಾತು ಮೇಡಂ. ಕೊನೆಯ ಪ್ಯಾರಾಗೆ ನನ್ನ ಹತ್ತಿರ ಉತ್ತರ ಇಲ್ಲ. ಆ ಕಾಲದ ಎಲ್ಲರೂ ಹಾಗೇ ಮಾಡುತ್ತಿದ್ದರು ಅನ್ನೋದು ಉತ್ತರ ಅಲ್ಲ.

ಸೆಕೆಂಡ್ ಶೋ:

ನಟನೆಯ ಬಗ್ಗೆ ಯಾರೂ ಮಾತಾಡ್ತಾನೇ ಇಲ್ಲವಲ್ಲ ಗುರು. ಬರೀ ಲೆಕ್ಕಪತ್ರ.

ನರಸಿಂಹರಾಜು ನಗಿಸೋದು ಮುಖದಲ್ಲಿ, ಮಾತಿನ ಏರಿಳಿತದಲ್ಲಿ. ಬಾಲಣ್ಣ ನಗಿಸೋದು ಕುತಂತ್ರದಲ್ಲಿ, ಆ ಕಿವಿ ಕೇಳದ ಮನುಷ್ಯ ಎದುರಿನವರ ತುಟಿ ನೋಡಿಕೊಂಡು ಮಾತಿಗೆ ಮಾತು ಜೋಡಿಸುತ್ತಿದ್ದದ್ದೇ ಒಂದು ಪವಾಡ. ದ್ವಾರಕೀಶ್ ನಾಟಕದ ಕಂಪನಿಯಿಂದ ಬಂದವರಲ್ಲ. ಅವರ ಮಾತಿನಲ್ಲಿ ಆ ರಂಗದ ಗತ್ತಿಲ್ಲ. ಅವರದ್ದು ವೇಗ. ಓಡೋದು, ನೆಗೆಯೋದು, ಕುಣಿಯೋದು, ಕಣ್ಣರಳಿಸಿ ಕೀಚಲು ದನಿಯಲ್ಲಿ ಒಂದೇ ಉಸಿರಿಗೆ ಮಾತಾಡೋದು. ಅದು ಕ್ಯಾಮೆರಾಗೆ ಅಂತಲೇ ಹುಟ್ಟಿದ ಹಾಸ್ಯ. ರಂಗದ ಮೇಲೆ ಹಿಂದಿನ ಸಾಲಿನವರಿಗೆ ಅದು ಕಾಣುತ್ತಲೂ ಇರಲಿಲ್ಲ.

ಪಕ್ಕದಲ್ಲಿ ಒಬ್ಬ ಎತ್ತರದ ನಾಯಕ ನಿಂತರಂತೂ ಕೆಲಸ ಅರ್ಧ ಮುಗೀತು. ಅದನ್ನು ಅವರಷ್ಟು ಚೆನ್ನಾಗಿ ಅರಿತವರು ಇಲ್ಲ. 'ಕಿಟ್ಟು ಪುಟ್ಟು' (1977) ನೋಡಿ. ವಿಷ್ಣು ಆಗ ಗಂಭೀರ ಮುಖದ ಕೋಪಿಷ್ಠ ಹುಡುಗ ಅಂತಲೇ ಹೆಸರಾದವರು, 'ನಾಗರಹಾವು' ನೆರಳು. ಅವರ ಕೈಲಿ ತಮಾಷೆ ಮಾಡಿಸಬಹುದು ಅಂತ ಗೊತ್ತು ಮಾಡಿಕೊಂಡದ್ದು ನಿರ್ಮಾಪಕ ದ್ವಾರಕೀಶೋ, ಪಕ್ಕದಲ್ಲಿ ನಿಂತಿದ್ದ ನಟ ದ್ವಾರಕೀಶೋ? ನನಗೆ ಅನಿಸೋದು ನಟ. ಜೊತೆಗೆ ಅಭಿನಯಿಸೋನಿಗೆ ಮಾತ್ರ ಎದುರಿನವನ ಟೈಮಿಂಗ್ ಗೊತ್ತಾಗೋದು. ಹಾಗಾಗಿ ಹಳೇ ರೀಲು ಸಾರ್, ನಿಮ್ಮ ವಾದವನ್ನು ತಿರುಗಿಸಿ ಹಾಕುತ್ತೇನೆ: ನಟನಾಗಿದ್ದಕ್ಕೇ ಅವರು ಒಳ್ಳೇ ನಿರ್ಮಾಪಕ.

ಲಕ್ಷ್ಮಣತೀರ್ಥ:

ಸೆಕೆಂಡ್ ಶೋ ಅವರಿಗೆ ನನ್ನ ವೋಟು. ಜನರನ್ನು ಆರಿಸೋ ಕಣ್ಣು ಅವರಿಗೆ ನಿಜಕ್ಕೂ ಇತ್ತು. 'ಮೇಯರ್ ಮುತ್ತಣ್ಣ' ಸಿದ್ದಲಿಂಗಯ್ಯ ಅವರ ಮೊದಲ ನಿರ್ದೇಶನ. ರಾಜ್‌ಕುಮಾರ್ ಡೇಟ್ಸ್ ಇಟ್ಟುಕೊಂಡು ಹೊಸಬನ ಕೈಗೆ ಕೊಡೋದು ಅಂದರೆ ಸಾಮಾನ್ಯವಾ? ಅದೇ ಸಿದ್ದಲಿಂಗಯ್ಯ ಮೂರು ವರ್ಷಕ್ಕೆ 'ಬಂಗಾರದ ಮನುಷ್ಯ' ಮಾಡಿದರು. ಎಚ್.ಆರ್. ಭಾರ್ಗವ ಅವರ ಮೊದಲ ಸಿನಿಮಾ 'ಭಾಗ್ಯವಂತರು' (1977), ಅದೂ ರಾಜ್‌ಕುಮಾರ್ ಜೊತೆ, ಅದೂ ಇವರ ಬ್ಯಾನರ್. 1990ರಲ್ಲಿ 'ಶ್ರುತಿ' ಸಿನಿಮಾಗೆ ಒಂದು ಹೊಸ ಹುಡುಗಿಯನ್ನು ತಂದರು, ಸಿನಿಮಾ ಹೆಸರೇ ಆಕೆಯ ಹೆಸರಾಯಿತು. ನಟಿ ಶ್ರುತಿ ಇವತ್ತಿಗೂ ಅದೇ ಹೆಸರಲ್ಲಿದ್ದಾರೆ. 2017ರಲ್ಲಿ 'ದ್ವಾರಕೀಶ್ ಚಿತ್ರ' ಬ್ಯಾನರಿನ 50ನೇ ಸಿನಿಮಾ 'ಚೌಕ' ಕೂಡ ಹೊಸಬರಿಗೇ ಹೋಯಿತು, ತರುಣ್ ಸುಧೀರ್ ಅವರ ಮೊದಲ ನಿರ್ದೇಶನ. ಆಗ ವ್ಯವಹಾರ ಮಗ ಯೋಗಿ ನೋಡಿಕೊಳ್ಳುತ್ತಿದ್ದರು, ಆದರೂ ಮನೆಯ ಅಭ್ಯಾಸ ಬದಲಾಗಿರಲಿಲ್ಲ.

ಬಾಲ್ಕನಿ ಸೀಟು:

'ಚೌಕ'ದಲ್ಲಿ ಕಾಶೀನಾಥ್! ಥಿಯೇಟರ್‌ನಲ್ಲಿ ನನ್ನ ಪಕ್ಕದವರೆಲ್ಲ ಅಳುತ್ತಿದ್ದರು. ನಗಿಸೋರನ್ನು ಕರೆದು ಅಳಿಸೋದು ಆ ಬ್ಯಾನರಿಗೆ ಹೊಳೆದದ್ದು ನೋಡಿ.

ಬಿಕೆಟಿ ಬಾಕ್ಸು:

ಆರಿಸೋ ಕಣ್ಣಿತ್ತು ಸರಿ, ನಿಲ್ಲಿಸೋ ಬ್ರೇಕ್ ಇರಲಿಲ್ಲ. ಅದನ್ನೂ ಮಾತಾಡೋಣ.

1978ರ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ತಗೊಳ್ಳಿ. ಕನ್ನಡ ಸಿನಿಮಾ ಸಾಗರ ದಾಟಿ ಶೂಟಿಂಗ್ ಮಾಡಿದ ಮೊದಲ ಸಾಹಸ. ಆಗ ವಿದೇಶಕ್ಕೆ ದುಡ್ಡು ಒಯ್ಯೋದು ಈಗಿನ ಹಾಗೆ ಕಾರ್ಡ್ ಉಜ್ಜೋದಲ್ಲ. ವಿದೇಶಿ ವಿನಿಮಯಕ್ಕೆ ರಿಸರ್ವ್ ಬ್ಯಾಂಕ್ ಅನುಮತಿ ಬೇಕು. ಯೂನಿಟ್‌ನಲ್ಲಿ ಎಷ್ಟು ಜನ, ಎಷ್ಟು ದಿನ, ಫಿಲ್ಮ್ ಎಷ್ಟು ಡಬ್ಬ ಅಂತ ಲೆಕ್ಕ ಕೊಡಬೇಕು. ಕನ್ನಡದ ಮಾರುಕಟ್ಟೆಯೋ ಚಿಕ್ಕದು. ಅದರಲ್ಲಿ ಇಷ್ಟು ಮಾಡಿ ಗೆದ್ದರು. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ನಿಲ್ಲಿಸಲಿಲ್ಲ. ತಮಿಳಿಗೆ ಹೋಗಿ ರಜನಿಕಾಂತ್, ಶ್ರೀದೇವಿ ಜೋಡಿ ಹಾಕಿ 1983ರಲ್ಲಿ 'ಅಡುತ್ತ ವಾರಿಸು' ತೆಗೆದರು. 1985ರಲ್ಲಿ 'ನೀ ಬರೆದ ಕಾದಂಬರಿ'ಯಿಂದ ನಿರ್ದೇಶಕರೂ ಆದರು. ಅದು ಗೆದ್ದದ್ದೇ ತಡ, ಅದೇ ಕಥೆಯನ್ನು 1986ರಲ್ಲಿ ತಮಿಳಿನಲ್ಲಿ 'ನಾನ್ ಅಡಿಮೈ ಇಲ್ಲೈ' ಅಂತ ರಜನಿ-ಶ್ರೀದೇವಿ ಜೊತೆ ನಿರ್ದೇಶಿಸಿದರು. ಅದೇ ವರ್ಷ 'ಆಫ್ರಿಕಾದಲ್ಲಿ ಶೀಲಾ'. ಚರಣ್‌ರಾಜ್, ಬಪ್ಪಿ ಲಹಿರಿ ಸಂಗೀತ, ಆಫ್ರಿಕಾದ ಕಾಡಿಗೆ ಯೂನಿಟ್ ಕಟ್ಟಿಕೊಂಡು ಹೋದರು. ಕನ್ನಡದ ಹಂಚಿಕೆ ಲೆಕ್ಕದಲ್ಲಿ ಆ ಖರ್ಚು ಹುಟ್ಟೋದು ಸಾಧ್ಯವೇ ಇರಲಿಲ್ಲ. ಕೈ ಕಚ್ಚಿತು ಅನ್ನೋದು ಮೆದುವಾದ ಮಾತು.

ನಮ್ಮ ಮನೆಯ ಹಿರಿಯರು ಆ ಕಾಲದ ನಿರ್ಮಾಪಕರನ್ನು ಎರಡು ಜಾತಿ ಮಾಡುತ್ತಿದ್ದರು. ಒಬ್ಬ, ಒಂದು ಸಿನಿಮಾ ಗೆದ್ದರೆ ಸೈಟ್ ತಗೊಳ್ಳೋನು. ಇನ್ನೊಬ್ಬ, ಒಂದು ಸಿನಿಮಾಗಾಗಿ ಸೈಟ್ ಮಾರೋನು. ದ್ವಾರಕೀಶ್ ಇಬ್ಬರೂ ಆಗಿದ್ದರು. ತಗೊಂಡದ್ದನ್ನೇ ಮಾರುತ್ತಿದ್ದರು. ಸಿನಿಮಾಗಾಗಿ ಮನೆಗಳನ್ನು ಮಾರಿದ್ದನ್ನು ಸಂದರ್ಶನಗಳಲ್ಲಿ ತಾವೇ ನಗುತ್ತಾ ಹೇಳಿಕೊಳ್ಳುತ್ತಿದ್ದರು. 2021ರಲ್ಲಿ ಎಚ್‌ಎಸ್‌ಆರ್ ಲೇಔಟಿನ ಮನೆ ಮಾರಿದ್ದೂ ಸುದ್ದಿಯಾಗಿತ್ತು. ಆಗ ಅವರಿಗೆ ಎಂಬತ್ತರ ಹತ್ತಿರ.

ಮೈಸೂರು ಮಲ್ಲಿಗೆ:

ಮನೆ ಮಾರಿ ಸಿನಿಮಾ ಮಾಡಿದ್ದನ್ನು ಎಲ್ಲರೂ ಸಾಹಸ ಅಂತ ಹೇಳುತ್ತೀರಿ. ಆ ಮನೆಯಲ್ಲಿ ಅಡುಗೆ ಮಾಡಿಕೊಂಡು, ಐದು ಗಂಡುಮಕ್ಕಳನ್ನು ಸಾಕಿಕೊಂಡು ಇದ್ದವರು ಸಾಮಾನು ಕಟ್ಟಿದ್ದನ್ನು ಯಾರಾದರೂ ಯೋಚಿಸಿದ್ದೀರಾ? ಅವರ ಪತ್ನಿ ಅಂಬುಜಾ 2021ರ ಏಪ್ರಿಲ್ 16ರಂದು ತೀರಿಕೊಂಡರು. ಮೂರು ವರ್ಷದ ಮೇಲೆ ಅದೇ ದಿನ ಇವರೂ ಹೋದರು.

ಸೆಕೆಂಡ್ ಶೋ:

🙏

ಸಾಹಸಸಿಂಹ ಫ್ಯಾನ್:

ವಿಷ್ಣು ದಾದಾ ವಿಷಯ ಬರದೆ ಈ ಚರ್ಚೆ ಮುಗಿಯಲ್ಲ ಅಂತ ಕಾಯುತ್ತಿದ್ದೆ. ನೇರವಾಗಿ ಹೇಳುತ್ತೇನೆ. ಇವರಿಬ್ಬರ ಸ್ನೇಹವನ್ನು ಎಲ್ಲರೂ ಸಕ್ಕರೆ ಹಾಕಿ ಹೇಳುತ್ತಾರೆ. ಜಗಳ ಆಡಿದ್ದಾರೆ, ವರ್ಷಗಟ್ಟಲೆ ದೂರ ಇದ್ದಾರೆ, ಮತ್ತೆ ಸೇರಿದ್ದಾರೆ. 'ಗುರು ಶಿಷ್ಯರು' (1981) ನೋಡಿದವರಿಗೆ ಇವರು ಬೇರೆಯಾಗಬಹುದು ಅಂತ ಅನಿಸೋದೇ ಇಲ್ಲ. ಆದರೆ ಸ್ನೇಹಿತನೇ ನಾಯಕ, ಸ್ನೇಹಿತನೇ ನಿರ್ಮಾಪಕ ಆದಾಗ ಸಂಭಾವನೆ, ಡೇಟ್ಸ್, ಮರ್ಯಾದೆ ಎಲ್ಲಾ ಒಂದೇ ಗಂಟಲ್ಲಿ ಸಿಕ್ಕಿಕೊಳ್ಳುತ್ತೆ. ಯಾರದ್ದು ತಪ್ಪು ಅಂತ ನಾವು ಹೊರಗಿನವರು ಹೇಳೋಕಾಗಲ್ಲ.

1993ರಲ್ಲಿ 'ರಾಯರು ಬಂದರು ಮಾವನ ಮನೆಗೆ' ಬಂತು, ಗೆದ್ದಿತು. ಮತ್ತೆ ಅಂತರ. ಆಮೇಲೆ ದ್ವಾರಕೀಶ್‌ಗೆ ಸಾಲು ಸೋಲು. ಎಲ್ಲರೂ ಅವರ ಕಥೆ ಮುಗೀತು ಅಂದುಕೊಂಡಿದ್ದಾಗ 2004ರ ಆಗಸ್ಟ್‌ನಲ್ಲಿ 'ಆಪ್ತಮಿತ್ರ'. ವರ್ಷ ದಾಟಿ ಓಡಿತು. ಆ ಟೈಟಲ್ ಕಥೆಗೆ ಎಷ್ಟು ಹೊಂದುತ್ತೋ ಬಿಡುತ್ತೋ, ಅವರಿಬ್ಬರಿಗಂತೂ ಸರಿಯಾಗಿ ಹೊಂದಿತು.

ಅದರ ಹಿಂದಿನ ಸಂಕಟ ಮರೀಬೇಡಿ. ನಾಗವಲ್ಲಿ ಮಾಡಿದ ಸೌಂದರ್ಯ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ಹೋಗಿಬಿಟ್ಟರು. ಸಿನಿ‌ಮಾ ಬಂದದ್ದು ನಾಲ್ಕು ತಿಂಗಳ ಮೇಲೆ. ಕೊನೆಯ ಆ ನೃತ್ಯ ಬಂದಾಗ ನಮ್ಮ ಥಿಯೇಟರ್‌ನಲ್ಲಿ ಶಿಳ್ಳೆ ಹೊಡೆಯೋರೂ ಸುಮ್ಮನಾಗಿದ್ದರು.

ಮದ್ರಾಸ್ ಮೇಲ್:

'ಆಪ್ತಮಿತ್ರ'ದಲ್ಲಿ ನನಗೆ ಇನ್ನೊಂದು ಹಿಡಿಸಿತು. ಅರವತ್ತೆರಡು ವಯಸ್ಸಿನಲ್ಲಿ, ತಾವೇ ದುಡ್ಡು ಹಾಕಿದ ಸಿನಿಮಾದಲ್ಲಿ, ಅವರು ತಮಗೆ ಇಟ್ಟುಕೊಂಡದ್ದು ಭೂತ ಅಂದರೆ ನಡುಗೋ ಹೆದರುಪುಕ್ಕಲನ ಪಾತ್ರ. ವಿಷ್ಣು ಜೊತೆ ಆ ಕಾಲೆಳೆಯೋ ದೃಶ್ಯಗಳು ಇಲ್ಲದಿದ್ದರೆ ಸಿನಿಮಾ ಬರೀ ಹೆದರಿಕೆಯ ಸಿನಿಮಾ ಆಗಿರುತ್ತಿತ್ತು, ಮನೆಮಂದಿಯೆಲ್ಲಾ ಮತ್ತೆ ಮತ್ತೆ ಬರುತ್ತಿರಲಿಲ್ಲ. ಇಲ್ಲಿ ನಟ, ನಿರ್ಮಾಪಕ ಅಂತ ಬೇರೆ ಮಾಡೋಕೆ ನನಗಂತೂ ಆಗಲ್ಲ.

ಸಾಹಸಸಿಂಹ ಫ್ಯಾನ್:

ಹೌದು. ಆದರೆ ಮುಂದುವರಿದ ಕಥೆ 'ಆಪ್ತರಕ್ಷಕ' (2010) ಬೇರೆ ನಿರ್ಮಾಪಕರದ್ದು. ಅದು ದಾದಾ ಅವರ 200ನೇ ಸಿನಿಮಾ, ನೋಡೋಕೆ ಅವರೇ ಇರಲಿಲ್ಲ, 2009ರ ಡಿಸೆಂಬರ್ 30ರಂದು ಹೋದರು. ಅದು ದ್ವಾರಕೀಶ್ ಕೈತಪ್ಪಿದ್ದು ನನಗೆ ಇವತ್ತಿಗೂ ಬೇಸರ. ಆಮೇಲೆ 2011ರಲ್ಲಿ ಸುದೀಪ್ ಹಾಕಿಕೊಂಡು 'ವಿಷ್ಣುವರ್ಧನ' ಅಂತ ಸಿನಿಮಾ ತೆಗೆದಾಗ ಹೆಸರಿನ ಬಗ್ಗೆ ಗಲಾಟೆಯೂ ಆಯಿತು. ಗೆಳೆಯನ ಹೆಸರು ಗೌರವಕ್ಕೋ, ಪೋಸ್ಟರಿಗೋ? ನನ್ನ ಕೇಳಿದರೆ ಎರಡಕ್ಕೂ.

ಹಳೇ ರೀಲು:

ಎರಡಕ್ಕೂ. ಅದೇ ಮನುಷ್ಯ.

ಬಾಲಣ್ಣ, ನರಸಿಂಹರಾಜು ಕೂಡ ದುಡ್ಡು ಹಾಕಿದವರೇ ಅನ್ನೋದನ್ನು ಯಾರಾದರೂ ಎತ್ತುತ್ತೀರಿ ಅಂದುಕೊಂಡಿದ್ದೆ. ಬಾಲಣ್ಣ ಅಭಿಮಾನ್ ಸ್ಟುಡಿಯೋ ಕಟ್ಟೋಕೆ ಹೋಗಿ ಜೀವ ತೇಯ್ದರು. ನರಸಿಂಹರಾಜು 1974ರಲ್ಲಿ 'ಪ್ರೊಫೆಸರ್ ಹುಚ್ಚೂರಾಯ' ತೆಗೆದರು. ಅಂದರೆ ಮೂವರಿಗೂ ಒಂದೇ ಹಸಿವು. ನಾಲ್ಕು ದೃಶ್ಯದ ಮನುಷ್ಯನಾಗಿ ಉಳಿಯೋಕೆ ಮೂವರೂ ಒಪ್ಪಲಿಲ್ಲ. ಉಳಿದಿಬ್ಬರಿಗಿಂತ ದ್ವಾರಕೀಶ್ ನಿರ್ಮಾಪಕನಾಗಿ ಜಾಸ್ತಿ ದಿನ ಬಾಳಿದ್ದು ಯಾಕೆ? ಲಕ್ಷ್ಮಣತೀರ್ಥ ಅವರ ಅಂಗಡಿಯ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತೆ ಅನಿಸುತ್ತೆ. ಅವರು ಬಂಡವಾಳವನ್ನು ಕಟ್ಟಡದ ಮೇಲೆ ಹಾಕಲಿಲ್ಲ, ಜನರ ಮೇಲೆ ಹಾಕಿದರು. ರಾಜ್, ವಿಷ್ಣು, ರಜನಿ, ಸುದೀಪ್, 2019ರ 'ಆಯುಷ್ಮಾನ್ ಭವ'ದಲ್ಲಿ ಶಿವರಾಜ್‌ಕುಮಾರ್. ಐವತ್ತು ವರ್ಷದಲ್ಲಿ ಪ್ರತಿ ತಲೆಮಾರಿನ ನಾಯಕನೂ ಆ ಬ್ಯಾನರಿನಲ್ಲಿದ್ದಾನೆ.

ಬಿಕೆಟಿ ಬಾಕ್ಸು:

ಕಟ್ಟಡ ಇದ್ದಿದ್ದರೂ ಮಾರಿರುತ್ತಿದ್ದರು ಬಿಡಿ.

ಚೋಟುದ್ದ:

😂 ಸರಿ, ಕೆಲಸದ ಪ್ರಶ್ನೆ. ನನ್ನ ಮಗಳಿಗೆ ಒಂಬತ್ತು ವರ್ಷ. ದ್ವಾರಕೀಶ್ ಯಾರು ಅಂತ ಕೇಳಿದಳು. ಯಾವುದರಿಂದ ಶುರು ಮಾಡಲಿ? ಮೈ ಮೇಲಿನ ಜೋಕು ಕಮ್ಮಿ ಇರಬೇಕು.

ಸೆಕೆಂಡ್ ಶೋ:

'ಗುರು ಶಿಷ್ಯರು'. ದಡ್ಡ ಶಿಷ್ಯರ ಗುಂಪು, ಮಕ್ಕಳಿಗೆ ತಕ್ಷಣ ಹಿಡಿಸುತ್ತೆ.

ಲಕ್ಷ್ಮಣತೀರ್ಥ:

'ಮೇಯರ್ ಮುತ್ತಣ್ಣ' ತೋರಿಸಿ. ಹಳ್ಳಿಯಿಂದ ಪಟ್ಟಣಕ್ಕೆ ಬಂದವನು ಮೇಯರ್ ಆಗೋ ಕಥೆ, ಕಪ್ಪು ಬಿಳುಪಾದರೂ ಬೇಜಾರಾಗಲ್ಲ. ಇಪ್ಪತ್ತಾರು-ಇಪ್ಪತ್ತೇಳರ ಹುಡುಗ ತೆಗೆದದ್ದು ಅಂತ ಹೇಳಿ ತೋರಿಸಿ.

ರೀಮೇಕ್ ಬೇಡಪ್ಪ:

'ಕುಳ್ಳ ಏಜೆಂಟ್ 000'. ಅದು ನನ್ನ ರೀಮೇಕ್ ಪಟ್ಟಿಯಲ್ಲಿ ಇಲ್ಲ. ಆದರೆ ನೆಟ್‌ನಲ್ಲಿ ಸಿಗೋ ಪ್ರಿಂಟ್ ನೋಡೋ ಹಾಗಿಲ್ಲ, ಮುಖಗಳು ಕಾಣದಷ್ಟು ಮಸುಕು. ಬಿಕೆಟಿ ಅವರೇ, ಲ್ಯಾಬ್‌ನಲ್ಲಿ ಅಡ ಇಟ್ಟಿದ್ದ ಆ ನೆಗೆಟಿವ್‌ಗಳೆಲ್ಲಾ ಈಗ ಏನಾಗಿವೆ?

ಬಿಕೆಟಿ ಬಾಕ್ಸು:

ಮದ್ರಾಸಿನ ಲ್ಯಾಬ್‌ಗಳು ಡಿಜಿಟಲ್ ಬಂದ ಮೇಲೆ ಒಂದೊಂದಾಗಿ ಫಿಲ್ಮ್ ತೊಳೆಯೋದನ್ನೇ ನಿಲ್ಲಿಸಿದವು. ತಂಪಾದ ಕೋಣೆಯಲ್ಲಿ ಇಡದಿದ್ದರೆ ಫಿಲ್ಮ್ ವಿನೆಗರ್ ವಾಸನೆ ಬಂದು ಮುದುರಿಕೊಳ್ಳುತ್ತೆ. ಬಾಡಿಗೆ ಕಟ್ಟದೆ ಬಿಟ್ಟ ಡಬ್ಬಗಳನ್ನು ಯಾರು ಕಾಯುತ್ತಾರೆ? ಯಾರ ಹತ್ತಿರವಾದರೂ ಥಿಯೇಟರ್ ಪ್ರಿಂಟ್ ಉಳಿದಿದ್ದರೆ, ತುಂಡಾಗಿದ್ದರೂ ಪರವಾಗಿಲ್ಲ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಕೊಡಬಹುದು. ಇಲ್ಲಿ ಥಿಯೇಟರ್ ಮನೆತನದವರು ಯಾರಾದರೂ ಇದ್ದರೆ ದಯವಿಟ್ಟು ಒಮ್ಮೆ ಅಟ್ಟ ಹತ್ತಿ ನೋಡಿ.